ಹೂರಾದ ಲಾಂಡ್ರಿಯಲ್ಲಿ ಗುರುತಿಲ್ಲದ ಬಟ್ಟೆ

ಲೀಲಾಕ್ಷಿ ಮೂಡುಬಿದಿರೆ ಕಡೆಯ ಮಡಿವಾಳರ ಮನೆಯವಳು. ಬಹ್ರೇನಿನ ಹೂರಾದ ಒಂದು ಲಾಂಡ್ರಿಯಲ್ಲಿ ಹನ್ನೊಂದು ವರ್ಷ ದುಡಿದಳು. ಬಂದ ಪ್ರತಿ ಬಟ್ಟೆಗೂ ಒಂದು ಚಿಂದಿ ಕಟ್ಟಿ, ಅದರ ಮೇಲೆ ಶಾಯಿಯಲ್ಲಿ ಚುಕ್ಕಿ, ಗೀಟು ಹಾಕುವುದು ಅವಳ ಕೆಲಸ. ಯಾವ ಗುರುತು ಯಾರದ್ದೆಂದು ಎಲ್ಲೂ ಬರೆದಿರಲಿಲ್ಲ. ಅವಳ ತಲೆಯಲ್ಲಿತ್ತು.

ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಮಡಿವಾಳರ ಸಂಘದ ಸಭೆಗೆ ಬಂದಿದ್ದಳು. ಅಮೆರಿಕದ ಅಟ್ಲಾಂಟಾದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕತೆ ಹೇಳಿದವನು ನಾನು. 1881ನೇ ಇಸವಿ. ಗುಲಾಮಗಿರಿ ಮುಗಿದು ಹದಿನಾರೇ ವರ್ಷ. ಇಪ್ಪತ್ತು ಕಪ್ಪು ಹೆಂಗಸರು ಕೂಲಿ ಹೆಚ್ಚಿಸದೆ ಒಗೆಯುವುದಿಲ್ಲ ಎಂದು ಕೂತರು. ಮೂರು ವಾರದಲ್ಲಿ ಮೂರು ಸಾವಿರವಾದರು. ಪೊಲೀಸರು ಹಿಡಿದರು, ನಗರಸಭೆ ತೆರಿಗೆಯ ಬೆದರಿಕೆ ಹಾಕಿತು. ಜಗ್ಗಲಿಲ್ಲ.

ಲೀಲಾಕ್ಷಿ ಎದ್ದು ನಿಂತಳು. "ನಮ್ಮ ಅಜ್ಜಿಯೂ ಹಾಗೇ ಮಾಡಿದ್ದು. ಗುತ್ತಿನ ಧಣಿಗಳ ಮನೆಯ ಸೂತಕ ಕಳೀಲಿಕ್ಕೆ ಮಡಿಬಟ್ಟೆ ಕೊಡ್ಲಿಲ್ಲ. ಮೂರನೇ ದಿನ ಗುತ್ತಿನವ್ರೇ ನಮ್ಮ ಅಂಗಳಕ್ಕೆ ಬಂದ್ರು."

ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಟ್ಲಾಂಟಾದವರು ಒಗೆದದ್ದು ತಮ್ಮ ಅಂಗಳದಲ್ಲಿ, ತಮ್ಮದೇ ತೊಟ್ಟಿಯಲ್ಲಿ, ಧಣಿಯ ಲಾಂಡ್ರಿಯಲ್ಲಲ್ಲ ಎಂದು ಹೇಳಲು ನನಗೆ ಹೊಳೆಯಲೇ ಇಲ್ಲ.

ರಜೆ ಮುಗಿಸಿ ಅವಳು ಹೂರಾಕ್ಕೆ ಮರಳಿದ ಮೇಲೆ, ಜುಲೈಯಲ್ಲಿ ಲಾಂಡ್ರಿಯ ಇಸ್ತ್ರಿ ಕೋಣೆಯ ಫ್ಯಾನ್ ನಿಂತಿತು. ಹಬೆ ಹೊರಗೆಳೆಯಲು ಇದ್ದದ್ದು ಅದೊಂದೇ. ಕೇಳಿದರೆ ನಾಳೆ, ನಾಡಿದ್ದು. ನಾಲ್ಕನೇ ದಿನ ಇಸ್ತ್ರಿ ಮಾಡುವ ಜೊತೆಗಾರ್ತಿ ಬೇಬಿ ಕುಸಿದು ಬಿದ್ದಳು, ಸಲ್ಮಾನಿಯಾ ಆಸ್ಪತ್ರೆ ಸೇರಿದಳು. ಲೀಲಾಕ್ಷಿ ಶಾಯಿಯ ಬಾಟಲಿ ಮುಚ್ಚಿಟ್ಟಳು. ಫ್ಯಾನ್ ತಿರುಗುವವರೆಗೆ ಗುರುತು ಇಲ್ಲ.

ಎರಡೇ ದಿನದಲ್ಲಿ ಗುರುತಿಲ್ಲದ ಬಟ್ಟೆಯ ರಾಶಿ ಎದೆಯೆತ್ತರ ಬೆಳೆಯಿತು. ಸೂಪರ್‌ವೈಸರ್ ವಾಸು ಬಂದ. ಅವನೂ ನಮ್ಮ ಕಡೆಯವನೇ, ಕಾರ್ಕಳದವನು.

"ಎಂತ ಲೀಲಕ್ಕ, ಲೀಡರ್ ಆದ್ರಾ? ಪಾಸ್‌ಪೋರ್ಟ್ ಯಾರ ಡ್ರಾಯರಲ್ಲಿ ಉಂಟು, ಗೊತ್ತುಂಟಲ್ಲ?"

"ಈ ಬಟ್ಟೆ ಯಾರದ್ದು, ನಿಂಗೆ ಗೊತ್ತುಂಟಾ?"

ಗಿರಾಕಿಗಳೇ ಬಂದು ಧಣಿಯ ಕುತ್ತಿಗೆ ಹಿಡಿಯುತ್ತಾರೆ ಎಂದು ಅವಳು ನಂಬಿದ್ದಳು. ಅವರು ಬಂದರು, ಬೈದರು, ಪಕ್ಕದ ಲಾಂಡ್ರಿಗೆ ಹೋದರು. ಊರಿನಲ್ಲಿ ಮಡಿಬಟ್ಟೆ ಕೊಡಲು ಬೇರೆ ಮನೆಯಿಲ್ಲ. ಹೂರಾದಲ್ಲಿ ಬೀದಿಗೆ ಮೂರು ಲಾಂಡ್ರಿ.

ಮೂರನೇ ದಿನ ವಾಸು ಧಣಿಯ ಮಾತು ತಂದ. "ರಾಶಿ ಬಿಡಿಸಿ ಕೊಡಿ. ಇಲ್ಲದಿದ್ರೆ ಗುರುವಾರದ ಫ್ಲೈಟಿಗೆ ನೀವಿಬ್ರೂ. ಬೇಬಿಯ ವೀಸಾವೂ ಅವ್ರ ಕೈಯಲ್ಲೇ."

ಅವಳು ಆಸ್ಪತ್ರೆಗೆ ಓಡಿದಳು. ಬೇಬಿಯ ಕೈಗೆ ಡ್ರಿಪ್ ಹಾಕಿದ್ದರು.

"ಬಿಡಿಸಿ ಕೊಡು ಅಕ್ಕ. ನನ್ನನ್ನು ಕಳಿಸಿದ್ರೆ ನಾನು ಸತ್ತೆ."

"ಫ್ಯಾನ್?"

"ಆ ಫ್ಯಾನಿಗೆ ಬೆಂಕಿ ಹಾಕು ಮಾರಾಯ್ತಿ!"

ಮರುದಿನ ಲೀಲಾಕ್ಷಿ ಒಂದೊಂದೇ ಬಟ್ಟೆ ಎತ್ತಿ ಹೆಸರು ಹೇಳಿದಳು. ಇದು ಉಮ್ ಅಲ್ ಹಸ್ಸಮ್ ಏರಿಯಾದ ಕ್ಲೈವ್ ಭಾಯಿಯದ್ದು, ಎಡಗೈ ಗುಂಡಿಗೆ ಬೇರೆ ದಾರ. ಇದು ನರ್ಸ್ ಶರ್ಲಿಯದ್ದು, ಜೇಬಲ್ಲಿ ಪೆನ್ನಿನ ಕಲೆ. ಹೇಳುತ್ತಾ ಗುರುತು ಹಾಕಿದಳು. ವಾಸು ಪ್ರತಿಯೊಂದನ್ನೂ ಫೋನಿನಲ್ಲಿ ಫೋಟೊ ತೆಗೆದು ಹೆಸರು ಬರೆದುಕೊಂಡ. ಕಂಡರೂ ಅವಳಿಗೆ ಅನುಮಾನ ಬರಲಿಲ್ಲ. ಸಂಜೆಯಾಗುವಾಗ ಹನ್ನೊಂದು ವರ್ಷ ಅವನ ಫೋನಿನಲ್ಲಿತ್ತು.

ಗುರುವಾರ ಏರ್‌ಪೋರ್ಟಿನ ಬಾಗಿಲಲ್ಲಿ ಅವಳ ಕೈಗೆ ಪಾಸ್‌ಪೋರ್ಟ್ ಕೊಟ್ಟರು. ಅವಳೊಬ್ಬಳನ್ನೇ ಕಳಿಸಿದರು.

ಈಗ ವಾಸು ತೆಗೆದ ಫೋಟೊ ನೋಡಿಕೊಂಡು ಗುರುತು ಹಾಕುವವಳು ಬೇಬಿ. ಮೊನ್ನೆ ಅವಳ ವಾಯ್ಸ್ ಮೆಸೇಜ್ ಬಂತು. ಲೀಲಾಕ್ಷಿ ಫೋನನ್ನು ನನ್ನ ಕಿವಿಗೆ ಹಿಡಿದಳು.

"ಫ್ಯಾನ್ ಹಾಗೇ ಉಂಟು ಅಕ್ಕ. ನಿನ್ನೆ ಪುನಃ ಬಿದ್ದೆ."