ರಫಾಯೇಲನಿಗೆ ಬಿಟ್ಟ ಜಾಗ

ನಮ್ಮ ಅಮ್ಮ ಬೆಂಚಿನ ಮೇಲೆ ಪೂರ್ತಿಯಾಗಿ ಕೂತದ್ದನ್ನು ನಾನು ನೋಡಿಲ್ಲ. ಇಗರ್ಜಿಯಲ್ಲಿರಲಿ, ಬಸ್ಸಿನಲ್ಲಿರಲಿ, ತುದಿಗೆ ಸರಿದು ಬಲಗಡೆ ಒಂದು ಗೇಣು ಜಾಗ ಬಿಡುತ್ತಿದ್ದಳು. ಅದು ಅವಳ ಕಾವಲು ದೇವದೂತನಿಗೆ. ಹುಟ್ಟಿದ ಪ್ರತಿಯೊಬ್ಬರಿಗೂ ದೇವರು ಒಬ್ಬ ದೂತನನ್ನು ಜೊತೆಮಾಡಿ ಕಳಿಸುತ್ತಾನೆಂಬುದು ನಮ್ಮ ಕ್ರೈಸ್ತರ ನಂಬಿಕೆ. ಅವನನ್ನು ನಿಲ್ಲಿಸಿ ತಾನು ಕೂರುವುದು ಮರ್ಯಾದೆಯಲ್ಲ ಎಂಬುದು ಕಾರ್ಕಳದ ತವರಿನಿಂದ ಅಮ್ಮ ತಂದ ಸೇರ್ಪಡೆ. ಕಂಡಕ್ಟರ್ "ಸ್ವಲ್ಪ ಒತ್ತಿ ಕೂತ್ಕೊಳ್ಳಿ ಬಾಯಮ್ಮ" ಎಂದರೆ, ಒಬ್ಬರ ಜಾಗವನ್ನು ಇನ್ನೊಬ್ಬರಿಗೆ ಕೊಡಲು ತನಗೇನು ಅಧಿಕಾರ ಎಂಬಂತೆ ಅವನನ್ನೇ ನೋಡುತ್ತಿದ್ದಳು.

ದೇವದೂತರ ವಿಷಯ ನನಗೂ ಅಷ್ಟಿಷ್ಟು ಗೊತ್ತು. ಅವರಲ್ಲಿ ಒಂಬತ್ತು ದರ್ಜೆಗಳಿವೆಯೆಂದು ಹಿಂದಿನ ಪಂಡಿತರು ಬರೆದಿಟ್ಟಿದ್ದಾರೆ. ಮೇಲಿನ ದರ್ಜೆಯವರು ದೇವರ ಸುತ್ತ ನಿಂತು ಹಾಡುತ್ತಾರೆ. ಜನರ ಕಷ್ಟಸುಖ ನೋಡುವುದು ಕೆಳಗಿನ ಎರಡು ದರ್ಜೆಯವರು ಮಾತ್ರ. ನಾನು ಶಾಲಾ ಮೇಷ್ಟ್ರು. ನಮ್ಮ ಇಲಾಖೆಯೂ ಹೀಗೆಯೇ ಇರುವುದರಿಂದ ಈ ವ್ಯವಸ್ಥೆಯನ್ನು ನಂಬಲು ನನಗೆ ಕಷ್ಟವಾಗಲಿಲ್ಲ.

ಆ ಕೆಲಸ ಮಾಡುವವರಲ್ಲಿ ಮೂವರಿಗೆ ಹೆಸರುಂಟು. ಮಿಕಾಯೇಲ ಸೈತಾನನೊಡನೆ ಕಾದುವವನು; ನಮ್ಮ ಮನೆಯಲ್ಲಿ ಹಾವು ಮತ್ತು ಸಿಡಿಲನ್ನೂ ಅವನಿಗೇ ವಹಿಸಲಾಗಿತ್ತು. ಗಬ್ರಿಯೇಲ ಸುದ್ದಿ ತರುವವನು, ತಂತಿ ಬಂದರೆ ಒಡೆಯುವ ಮೊದಲು ಅವನ ನೆನಪು. ಮೂರನೆಯವನು ರಫಾಯೇಲ. ಪ್ರಯಾಣ, ಮದುವೆ, ಕಣ್ಣು, ಮೂರೂ ಅವನ ತಲೆಗೆ. ಹೆಚ್ಚು ಕೆಲಸ ಮಾಡುವವನಿಗೇ ಇನ್ನಷ್ಟು ಕೆಲಸ ಬೀಳುತ್ತದೆಂದು ಅಮ್ಮ ಅವನ ಬಗ್ಗೆ ಮರುಗುತ್ತಿದ್ದಳು.

ಅರುವತ್ತರ ದಶಕದ ಆರಂಭದಲ್ಲಿ ಅಮ್ಮನ ಕಣ್ಣಿಗೆ ಪೊರೆ ಬಂತು. ಶಂಕರಪುರದಲ್ಲಿ ನಮ್ಮದು ಮಲ್ಲಿಗೆ ಬೆಳೆಯುವ ಮನೆ. ಹೂ ಕಟ್ಟುವುದಕ್ಕೆ ಬೆರಳು ಸಾಕು, ಕಣ್ಣು ಬೇಡ. ಹಾಗಾಗಿ ಅವಳು ಬಹಳ ದಿನ ಗುಟ್ಟು ಬಿಟ್ಟುಕೊಡಲಿಲ್ಲ. ಆದರೆ ಎಳೆ ಮೊಗ್ಗನ್ನೆಲ್ಲ ಕೊಯ್ದು ತರತೊಡಗಿದಳು. ಒಂದು ಬೆಳಿಗ್ಗೆ ಬಾವಿಕಟ್ಟೆಯನ್ನು ಗಿಡದ ಬುಡವೆಂದುಕೊಂಡು ಬಗ್ಗಿದ್ದಳು. ನಾನು ಕೈಹಿಡಿದು ಎಳೆದೆ. ಅಂದು ನನಗಾದ ಹೆದರಿಕೆಯನ್ನು ತಮಾಷೆ ಮಾಡಲು ಇವತ್ತಿಗೂ ನನ್ನಿಂದಾಗದು.

ಮಣಿಪಾಲದ ಆಸ್ಪತ್ರೆಗೆ ಹೋಗೋಣ, ಆಪರೇಷನ್ ಮಾಡುತ್ತಾರೆ ಎಂದೆ. ಅಮ್ಮ ಒಪ್ಪಲಿಲ್ಲ. ಅವಳ ಬಳಿ ಬೇರೆ ಮದ್ದಿತ್ತು. ರಫಾಯೇಲನ ಹಬ್ಬದಂದು ಪಾದ್ರಿಯವರು ಶಾಸ್ತ್ರದ ಕತೆ ಹೇಳಿದ್ದರು: ಒಬ್ಬ ಮುದುಕನಿಗೆ ಕಣ್ಣು ಹೋಯಿತು. ಅವನ ಮಗ ದೂರದೂರಿಗೆ ಹೊರಟ. ರಫಾಯೇಲ ಮನುಷ್ಯನಂತೆ ಬಂದು, ತನ್ನ ಹೆಸರು ಬೇರೇನೋ ಎಂದು ಹೇಳಿ, ಅವನ ಜೊತೆಗಾರನಾದ. ದಾರಿಯಲ್ಲಿ ಒಂದು ಮೀನು ಹಿಡಿಸಿ ಅದರ ಪಿತ್ತವನ್ನು ತೆಗೆದಿಡಿಸಿದ. ಮಗ ಮನೆಗೆ ಬಂದು ಅದನ್ನು ಹಚ್ಚಿದಾಗ ತಂದೆಗೆ ಕಣ್ಣು ಬಂತು. ಪಾದ್ರಿಯವರ ತಾತ್ಪರ್ಯ ದೇವರಲ್ಲಿ ಭರವಸೆಯಿಡಿ ಎಂಬುದು. ಅಮ್ಮ ಕೇಳಿಸಿಕೊಂಡದ್ದು ಮೀನಿನ ಪಿತ್ತ. ಅದನ್ನು ಹಚ್ಚಬೇಕಾದವನು ಮಗ, ಅಂದರೆ ನಾನು.

ಕಾಪುವಿನಿಂದ ಮೀನು ತರುವ ಸುಂದರಿಯನ್ನು ಅವಳು ಜಗಲಿಯಲ್ಲಿ ಹಿಡಿದು ಕೂರಿಸಿದಳು.

"ಪಿತ್ತವಾ? ಎಂತ ಮೀನಿನದ್ದು ಬಾಯಮ್ಮ?"

ಇಲ್ಲಿ ಮದ್ದು ಸಿಕ್ಕಿಹಾಕಿಕೊಂಡಿತು. ಪಾದ್ರಿಯವರು ಮೀನಿನ ಜಾತಿ ಹೇಳಿರಲಿಲ್ಲ. ಅಮ್ಮ ಕೇಳಿಬರಲು ನನ್ನನ್ನು ಕಳಿಸಿದಳು. ಹೊಳೆಯ ಮೀನು ಎಂದಷ್ಟೇ ಅವರಿಗೂ ಗೊತ್ತು. ಸುಂದರಿಗೆ ಸಿಟ್ಟು ಬಂತು.

"ಹೊಳೆಯದ್ದು ಒಂದು ಮೀನಾ? ಕಡಲು ಇಷ್ಟು ಹತ್ತಿರ ಉಂಟು, ನಿಮ್ಮ ದೂತನಿಗೆ ಒಂದು ಬಂಗುಡೆ ಹಿಡಿಸಲಿಕ್ಕೆ ಆಗಲಿಲ್ವಾ?"

ವಾರಗಟ್ಟಲೆ ಚರ್ಚೆ ನಡೆಯಿತು. ನಾನೂ ಸೇರಿಕೊಂಡು, ರಫಾಯೇಲ ಪ್ರಯಾಣ ಹೊರಟವರ ದೂತ, ಮನೆಯಲ್ಲಿ ಕೂತವರಿಗೆ ಸಿಗುವವನಲ್ಲ ಎಂದು ವಾದಿಸಿದೆ. "ಗಬ್ರಿಯೇಲ ಮರಿಯಮ್ಮನ ಮನೆಗೇ ಬಂದಿದ್ದನಲ್ಲ" ಎಂದಳು ಅಮ್ಮ. ಮಕ್ಕಳಿಗೆ ಲೆಕ್ಕ ಕಲಿಸಿದವನು ತಾಯಿಗೆ ತರ್ಕ ಕಲಿಸಲಾರ. ಈ ನಡುವೆ ಅವಳ ಕಣ್ಣು ಇನ್ನಷ್ಟು ಮಂಜಾಗುತ್ತಿತ್ತು.

ಒಂದು ದಿನ ಸುಂದರಿ ಬುಟ್ಟಿ ಇಳಿಸಿದವಳೇ ಕಣ್ಣುಜ್ಜಿಕೊಂಡಳು.

"ನನಗೂ ಮಂಜು ಮಂಜು ಬಾಯಮ್ಮ. ಮಣಿಪಾಲಕ್ಕೆ ಹೋಗಬೇಕು ಅಂತ ಉಂಟು. ಆದರೆ ಆ ಊರು ಗೊತ್ತಿಲ್ಲ, ಒಬ್ಬಳೇ ಹೋಗಲಿಕ್ಕೆ ಹೆದರಿಕೆ. ನೀವು ಜೊತೆಗೆ ಬರ್ತೀರಾ?"

ದಾರಿ ಗೊತ್ತಿಲ್ಲದವಳು ಜೊತೆ ಕೇಳುತ್ತಿದ್ದಾಳೆ. ಕತೆಯಲ್ಲಿ ಹೀಗೆ ಜೊತೆ ಬೇಕಾದಾಗ ರಫಾಯೇಲ ಒಲ್ಲೆ ಎಂದಿರಲಿಲ್ಲ. ಮರುದಿನವೇ ಅಮ್ಮ ಹೊರಟಳು, ಹಿಂದೆ ನಾನೂ.

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಅಮ್ಮನಿಗೆ ಸೀಟು ಸಿಕ್ಕಿತು. ತುದಿಗೆ ಸರಿದು ಎಂದಿನಂತೆ ಬಲಗಡೆ ಜಾಗ ಬಿಟ್ಟಳು. ಪ್ರಯಾಣವೂ ಕಣ್ಣೂ ಒಟ್ಟಿಗೆ ಬಂದದ್ದರಿಂದ ಅಂದು ಆ ಜಾಗ ರಫಾಯೇಲನದ್ದು. ಅವನು ಉಡುಪಿಯವರೆಗೆ ಕೂತು ಬಂದ. ಸುಂದರಿ ನಿಂತು ಬಂದಳು.

ಡಾಕ್ಟರರು ಇಬ್ಬರನ್ನೂ ಪರೀಕ್ಷಿಸಿದರು. ಅಮ್ಮನಿಗೆ ತಕ್ಷಣ ಆಪರೇಷನ್ ಆಗಬೇಕೆಂದರು. ಸುಂದರಿಯ ಕಣ್ಣಿಗೆ ಏನೂ ಆಗಿಲ್ಲ, ಸೂಜಿಗೆ ನೂಲು ಪೋಣಿಸಬಹುದು ಎಂದು ನನ್ನೊಡನೆ ಹೇಳಿದರು. ನಾನು ಸುಂದರಿಯ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ಅಕ್ಷರಗಳ ಹಲಗೆಯನ್ನು, ಓದಲು ಬಾರದಿದ್ದರೂ, ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ, ಕೆಲವು ವಾರಗಳ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಅಮ್ಮ ಮೊದಲು ನನ್ನನ್ನು ನೋಡಿ, "ಇಷ್ಟು ತೆಳ್ಳಗಾಗಿದ್ದೀಯಾ?" ಎಂದಳು. ನನಗೆ ಅಳು ಬಂತು. ಆಗ ಸುಂದರಿಯ ಕಣ್ಣಿನ ಸಂಗತಿ ಹೇಳಿದೆ.

"ಹಾಗಾದರೆ ಅವಳು ಸುಳ್ಳು ಹೇಳಿದಳಾ?"

"ಹೌದು. ಕತೆಯಲ್ಲಿ ರಫಾಯೇಲನೂ ಹೆಸರು ಸುಳ್ಳು ಹೇಳಿದ್ದ ಅಲ್ವಾ?"

ತರ್ಕದಲ್ಲಿ ನಾನು ಅವಳನ್ನು ಗೆದ್ದದ್ದು ಅದೊಂದೇ ಸಲ.

ಕತೆಯಲ್ಲಿ ದೇವದೂತ ಕೆಲಸ ಮುಗಿದ ಮೇಲೆ ತಾನು ಯಾರೆಂದು ಹೇಳಿ ಮಾಯವಾಗುತ್ತಾನೆ. ಸುಂದರಿ ಮರುದಿನ ಬೆಳಿಗ್ಗೆ ಬುಟ್ಟಿ ಹೊತ್ತು ಬಂದಳು. ಅಮ್ಮ ಜಗಲಿಯ ಬೆಂಚಿನಲ್ಲಿ ಕೂತು, ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ, ಕನ್ನಡಕವನ್ನು ಹತ್ತಿರ ತಂದು ನೋಡಿದಳು.

"ಇದು ನಿನ್ನೆಯದ್ದು."

"ಹೌದು ಬಾಯಮ್ಮ," ಎಂದಳು ಸುಂದರಿ, ಒಂದಿಷ್ಟೂ ನಾಚದೆ. "ಕಣ್ಣು ಮಂಜಾದ ಮೇಲೆ ನೀವು ಕಿವಿರು ನೋಡಿದ್ದೇ ಇಲ್ಲ. ನಮ್ಮ ಅತ್ತೆ ಹೇಳಿದ್ದರು, ಬಾಯಮ್ಮನಿಗೆ ಕಣ್ಣು ಬಂದರೆ ನಿನ್ನ ವ್ಯಾಪಾರಕ್ಕೇ ನಷ್ಟ, ಸುಮ್ಮನಿರು ಅಂತ."

ಅಮ್ಮ ಆ ಮೀನನ್ನು ಬುಟ್ಟಿಗೆ ಹಿಂದಕ್ಕೆ ಹಾಕಿದಳು. ಸ್ವಲ್ಪ ಹೊತ್ತು ಸುಂದರಿಯನ್ನೇ ನೋಡಿದಳು. ಅವಳ ಮುಖವನ್ನೂ ನೋಡದೆ ಬಹಳ ಕಾಲವಾಗಿತ್ತು. ಆಮೇಲೆ ಬಲಗಡೆ ಬಿಟ್ಟಿದ್ದ ಜಾಗವನ್ನು ಕೈಯಿಂದ ಒರೆಸಿದಳು.

"ಕೂತ್ಕೊ."

ಸುಂದರಿ ಕೂತಳು. ಅವಳಿಗೆ ಒಂದು ಗೇಣು ಸಾಕಾಗಲಿಲ್ಲ. ಅಮ್ಮ ಇನ್ನಷ್ಟು ಸರಿದಳು.