ಮೂರು ಬೆರಳಿನ ಹಿಡಿ

ಹುಚ್ಚರಾಯಪ್ಪನವರ ಬಲಗೈಯಲ್ಲಿ ಮೂರೇ ಬೆರಳಿದ್ದವು: ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಳಿದೆರಡನ್ನು ಅಕ್ಕಿ ಗಿರಣಿಯ ಬೆಲ್ಟು ಎಳೆದುಕೊಂಡು ಎಷ್ಟೋ ವರ್ಷಗಳಾಗಿದ್ದವು. ಬೇರೆಯವರಾಗಿದ್ದರೆ ಅಂಥ ಕೈಯನ್ನು ಟವೆಲ್ಲಿನಡಿ ಇಟ್ಟುಕೊಳ್ಳುತ್ತಿದ್ದರೇನೋ. ಇವರು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೇ ಮಾತು ಶುರು ಮಾಡುತ್ತಿದ್ದರು. ಸಂತೆಯ ಜನ ಅವರನ್ನು ನಂಬಿದ್ದೇ ಆ ಕೈಯಿಂದ. ಈಗ ಕಣ್ಣು ಮುಚ್ಚಿದರೆ ನನಗೆ ಕಾಣುವುದೂ ಅದೇ: ಕೆಂಪು ನೀರಿನಲ್ಲಿ ಒಮ್ಮೆ ಮೇಲೆ ಬಂದು, ಏನನ್ನೋ ಹಿಡಿಯಲು ನೋಡಿ, ಮತ್ತೆ ಒಳಗೆ ಹೋದ ಮೂರು ಬೆರಳು.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸು ಐದು ನಿಮಿಷ ನಿಲ್ಲುವ ಊರು ನಮ್ಮದು. ವಾರಕ್ಕೊಂದು ಸಂತೆ. ಸಂತೆ ಮೈದಾನದ ಉದ್ದಕ್ಕೂ ಒಂದು ದೊಡ್ಡ ಚರಂಡಿ; ಊರಿನ ಮಳೆನೀರಿನ ಜೊತೆಗೆ ಕೆರೆಯ ಕೋಡಿ ನೀರೂ ಅದರಲ್ಲೇ ಹರಿಯಬೇಕು. ಮೇಲೆ ಹಾಸಿದ್ದ ಚಪ್ಪಡಿಗಳು ಲಾರಿ ಹತ್ತಿ ಹತ್ತಿ ಮುರಿದುಹೋಗಿದ್ದವು. ಬೇಸಿಗೆಯಲ್ಲಿ ಹೇಗೋ ದಾಟಬಹುದು. ಮಳೆಗಾಲದಲ್ಲಿ ರಸ್ತೆಯೂ ಚರಂಡಿಯೂ ಒಂದೇ ನೀರಾಗಿ, ನೆಲ ಎಲ್ಲಿ ಮುಗಿಯಿತೆಂದು ಕಾಲಿಗೆ ತಿಳಿಯುತ್ತಿರಲಿಲ್ಲ. ಜಡೆ ಊರಿನಿಂದ ಬಾಳೆಕಾಯಿ ತಂದಿದ್ದ ಹೆಂಗಸೊಬ್ಬಳು ಹಾಗೆ ಬುಟ್ಟಿ ಸಮೇತ ಇಳಿದುಹೋಗಿದ್ದಳು. ಸೆರಗು ಹಿಡಿದು ಅವಳನ್ನು ಮೇಲಕ್ಕೆಳೆದವರು ಹುಚ್ಚರಾಯಪ್ಪ.

ಆ ವಾರದಿಂದ, ಮಳೆ ಬಂದ ಸಂತೆಯ ದಿನವೆಲ್ಲ ಅವರು ಚರಂಡಿಯ ಅಂಚಿನಲ್ಲಿ ಗೂಟದ ಹಾಗೆ ನಿಲ್ಲತೊಡಗಿದರು. ತಲೆಯ ಮೇಲೆ ಗೊಬ್ಬರ ಚೀಲದ ಕೊಪ್ಪೆ, ಕೈಯಲ್ಲೊಂದು ಕೋಲು. "ನಾ ನಿಂತಲ್ಲಿ ಚರಂಡಿ ಐತಿ, ನನ್ನ ಎಡಕ್ಕೆ ನಡೀರಿ" ಎಂದು ಕೂಗುತ್ತಿದ್ದರು. ಶಿಕಾರಿಪುರದ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ದಾರಿ ಬಿಡಿ ಎಂದು ಕೂಗಿ ಪಳಗಿದ ದನಿ ಅದು, ಮೈದಾನದ ಆ ತುದಿಗೂ ಕೇಳುತ್ತಿತ್ತು. ಇದಕ್ಕೆ ಪಗಾರ ಎಷ್ಟು ಎಂದು ಯಾರಾದರೂ ಚುಡಾಯಿಸಿದರೆ, "ಕಂಬಕ್ಕೆಲ್ಲಾದ್ರೂ ಪಗಾರ ಕೊಡ್ತಾರೇನಪ್ಪಾ" ಎನ್ನುತ್ತಿದ್ದರು.

ಹೊಸ ಚಪ್ಪಡಿಯ ಖರ್ಚಿನಲ್ಲಿ ಅರ್ಧವನ್ನು ಊರವರು ಹೊಂದಿಸಿದರೆ ಉಳಿದರ್ಧ ಪಂಚಾಯಿತಿ ಹಾಕುತ್ತದೆ ಎಂದು ಮಾತಾಗಿತ್ತು. ಊರವರು ಎಂದರೆ ಯಾರು? ಅಲ್ಲಿ ದಿನವಿಡೀ ಕೂರುವವರು ಸಂತೆಯವರು. ಹುಚ್ಚರಾಯಪ್ಪನವರಿಗೆ ಹಳೆಯದೊಂದು ಪದ್ಧತಿ ನೆನಪಾಯಿತು. ಅವರು ಚಿಕ್ಕವರಿದ್ದಾಗ, ಮಾರಲು ಬಂದವರು ತಮ್ಮ ತಮ್ಮ ರಾಶಿಯಿಂದ ಒಂದು ಹಿಡಿ ತೆಗೆದು ಮಾರಿಗುಡಿಯ ದೀಪದೆಣ್ಣೆಗೆಂದು ಕೊಡುತ್ತಿದ್ದರಂತೆ. ಸಂಜೆ ಅದನ್ನೆಲ್ಲ ಹರಾಜು ಹಾಕುತ್ತಿದ್ದರಂತೆ. ಅದನ್ನೇ ಚಪ್ಪಡಿಗಾಗಿ ಮತ್ತೆ ಶುರು ಮಾಡೋಣ ಎಂದು ಅವರು ಹೊರಟರು.

ನಾನು ಇದರೊಳಗೆ ಬಂದದ್ದು ಬಸ್ ಸ್ಟ್ಯಾಂಡಿನಲ್ಲಿ. ಶಿಕಾರಿಪುರದ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ. ಕರಪತ್ರ ಬರೆದುಕೊಡಿ ಎಂದು ಅವರು ಕೇಳಿದರು. ನಾನು ಉತ್ಸಾಹದಿಂದ 'ಸ್ಥಳೀಯ ಮಾರಾಟ ತೆರಿಗೆ' ಎಂದು ತಲೆಬರಹ ಕೊಟ್ಟಿದ್ದೆ. ಓದಿಸಿ ಕೇಳಿ ನಕ್ಕುಬಿಟ್ಟರು.

"ಟೀಚರಮ್ಮಾ, ತೆರಿಗೆ ಅಂದ್ರೆ ಇವರು ಅಂಗಡೀನೇ ಕಟ್ಟಿ ಮನೀಗೆ ಹೋಗ್ತಾರೆ. ಹಿಡಿ ಅಂತ ಬರೀರಿ."

ಆರು ವಾರ ಅವರ ಹಿಂದೆ ಸಾಲು ಸಾಲು ತಿರುಗಿದೆ. ಈರುಳ್ಳಿ ಸಾಲಿನವರು ಮೊದಲಿನಿಂದಲೂ ಬಗ್ಗಲಿಲ್ಲ. ಸಂತೆ ಗುತ್ತಿಗೆ ಹಿಡಿದವನಿಗೆ ಸುಂಕ ಕೊಡುತ್ತೇವಲ್ಲ, ಇದೇನು ಎರಡನೆಯದು ಎಂಬುದು ಅವರ ವಾದ. "ಅದು ಕೂತಿದ್ದಕ್ಕೆ. ಇದು ಮಾರಿದ್ದಕ್ಕೆ. ಮಾರ್ಲಿಲ್ಲ ಅಂದ್ರೆ ನಾನು ನಿಮ್ಮ ಮುಂದೆ ನಿಲ್ಲಂಗೇ ಇಲ್ಲ" ಎಂದು ಇವರು ಹೇಳುತ್ತಿದ್ದರು. ಆಮೇಲೆ ಬಲಗೈ ಎತ್ತುತ್ತಿದ್ದರು. "ಅದೂ ಈ ಕೈಯಾಗೆ ತೆಗೀತೀನಿ. ಎರಡು ಬೆರಳಿನಷ್ಟು ನಿಮಗೆ ಸೋಡಿ ಬಿಟ್ಟಂಗೆ." ಜನ ನಗುತ್ತಿದ್ದರು, ನಕ್ಕವರು ಕೊಡುತ್ತಿದ್ದರು.

ಅವರ ಕಟ್ಟುಪಾಡು ಎರಡೇ. ಹಿಡಿಯನ್ನು ಅವರ ಕೈಯೇ ತೆಗೆಯಬೇಕು. ಬೋಣಿಯಾಗದ ರಾಶಿಯನ್ನು ಮುಟ್ಟಬಾರದು. ಸಂತೆಯಲ್ಲಿ ಬೋಣಿ ಎಂದರೆ ತಮಾಷೆಯಲ್ಲ. ದಿನದ ಮೊದಲ ಗಿರಾಕಿ ಬರುವವರೆಗೆ ಯಾರೂ ಸಾಲ ಕೊಡುವುದಿಲ್ಲ, ರುಚಿ ನೋಡಲೂ ಬಿಡುವುದಿಲ್ಲ. ಪುಡಿ ಮಾರುವವರಂತೂ ರಾಶಿಯನ್ನು ಗೋಪುರದ ಹಾಗೆ ನಯವಾಗಿ ತೀಡಿ, ಅದರ ತುದಿ ಮುರಿಯುವ ಮೊದಲ ಕೈಗಾಗಿ ಕಾಯುತ್ತಾರೆ. ಹುಚ್ಚರಾಯಪ್ಪ ಮಧ್ಯಾಹ್ನ ಊಟ ಮುಗಿಸಿಯೇ ಚೀಲ ಹಿಡಿದು ಏಳುತ್ತಿದ್ದುದು ಇದಕ್ಕಾಗಿ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ದಿನ ಮರೆತೆ.

ಆಗ ಮೂರು ದಿನದಿಂದ ಮಳೆ. ನನಗೆ ಮಧ್ಯಾಹ್ನ ಪರೀಕ್ಷೆ ಕೆಲಸವಿತ್ತು, ಹನ್ನೊಂದರ ಬಸ್ಸಿಗೆ ಹೋಗಬೇಕು. ಹುಚ್ಚರಾಯಪ್ಪ ಆಗಲೇ ಚರಂಡಿಯಂಚಿನಲ್ಲಿ ನಿಂತಿದ್ದರು. ಅವರಿಗೆ ಒಂದಿಷ್ಟು ಕೆಲಸ ಹಗುರವಾಗಲಿ ಎಂದು ನಾನೇ ಚೀಲ ತೆಗೆದುಕೊಂಡೆ. ಮೊದಲು ಸಿಕ್ಕಿದ್ದು ಬಳ್ಳಿಗಾವಿಯ ಗಂಗಕ್ಕನ ಅಂಗಡಿ. ಅರಿಶಿನ, ಕುಂಕುಮ, ಖಾರದ ಪುಡಿ ಮಾರುವ ಆಕೆ, ಹಿಡಿ ಕೊಡಲು ಒಪ್ಪಿ ಕರಪತ್ರಕ್ಕೆ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು. ಸೋರುವ ತಾಡಪಾಲಿಗೆ ಹಗ್ಗ ಬಿಗಿಯಲು ಹಿಂದಕ್ಕೆ ಹೋಗಿದ್ದಳು. ಹೇಗೂ ನಮ್ಮವಳೇ ತಾನೇ ಎಂದುಕೊಂಡು ಅರಿಶಿನದ ರಾಶಿಗೆ ಕೈ ಹಾಕಿದೆ. ತುಂಬು ಹಿಡಿ. ಚೀಲಕ್ಕೆ ಸುರಿದು ಮುಂದೆ ನಡೆದೆ. ಅವಳಿಗೆ ಇನ್ನೂ ಬೋಣಿಯಾಗಿರಲಿಲ್ಲ.

ಮುಂದಿನ ಅಂಗಡಿ ಮುಟ್ಟುವ ಮೊದಲೇ ಮಳೆ ಜೋರಾಯಿತು; ಹನ್ನೊಂದರ ಬಸ್ಸೂ ಬರಲಿಲ್ಲ. ಕೊಳ್ಳುವವರು ಬರಲೇ ಇಲ್ಲ. ಸೊಪ್ಪು ತೇಲಿತು, ಈರುಳ್ಳಿ ಚೀಲಗಳು ನೆನೆದವು. ಬೆಳಗಿನಿಂದ ಒಂದು ಕಾಸಿನ ವ್ಯಾಪಾರವಿಲ್ಲದ ಜನ ತಾಡಪಾಲುಗಳ ಕೆಳಗೆ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಆಗ ಗಂಗಕ್ಕನ ದನಿ ಕೇಳಿತು. ಬೋಣಿಯಾಗದ ರಾಶಿಗೆ ಕೈ ಹಾಕಿದವರು ಯಾರು ಎಂದು ಅವಳು ಕೇಳುತ್ತಿದ್ದಳು. ಎರಡನೆಯ ಸಲ ಕೇಳುವಾಗ ಅಳುತ್ತಿದ್ದಳು.

ಈರುಳ್ಳಿ ಸಾಲಿನಿಂದ ಯಾರೋ ಹೇಳಿದರು, "ಮತ್ಯಾರು? ಹಿಡಿಯೋನು."

ಅಷ್ಟೇ ಸಾಕಾಯಿತು. ಹತ್ತು ಜನ, ಇಪ್ಪತ್ತು ಜನ, ಆಮೇಲೆ ಲೆಕ್ಕವಿಲ್ಲ. ಎಲ್ಲರೂ ಮಳೆಯಲ್ಲೇ ಅವರತ್ತ ನಡೆದರು. ವಾರವಾರ ಅವರ ಎಡಕ್ಕೆ ಸುರಕ್ಷಿತವಾಗಿ ದಾಟಿ ಹೋಗುತ್ತಿದ್ದ ಜನವೇ. ನಾನು ಗುಂಪಿನ ಬದಿಯಲ್ಲಿ ಸಿಕ್ಕಿಕೊಂಡಿದ್ದೆ. ನನ್ನ ಬಲಗೈ ಮಣಿಕಟ್ಟಿನವರೆಗೂ ಹಳದಿಯಾಗಿತ್ತು. ಅದನ್ನೂ ಚೀಲವನ್ನೂ ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡೆ. ಯಾರಾದರೂ ಸೆರಗು ಎಳೆದರೆ ಏನು ಗತಿ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಯಾರೋ ಅವರ ಕೊಪ್ಪೆ ಕಿತ್ತೆಸೆದರು. "ಮಾರಿದ್ಮೇಲೆ ಅಂತಿದ್ಯಲ್ಲ, ಈಗ ಏನಾತು ನಿನ್ನ ಮಾತು?"

ಹುಚ್ಚರಾಯಪ್ಪ ಗುಂಪಿನ ಮೇಲಿಂದ ನೋಡಿದರು. ನನ್ನ ಮುಖ ಕಂಡಿತು. ಸೆರಗಿನ ಗಂಟೂ ಕಂಡಿರಬೇಕು. ಆಮೇಲೆ ಬಲಗೈ ಎತ್ತಿದರು.

"ನಾನೇ ತೆಗೆದಿದ್ದು. ತಪ್ಪಾತು."

ಮಳೆಯಲ್ಲಿ ತೊಳೆದಂತಿದ್ದ ಬರಿಗೈ. ಅರಿಶಿನದ ಒಂದು ಕಲೆಯೂ ಇಲ್ಲ. ಅದು ಎಲ್ಲರ ಕಣ್ಣೆದುರೇ ಇತ್ತು. ತೆಗೆದದ್ದು ನಾನು ಎಂದು ಕೂಗಲು ಬಾಯಿ ತೆರೆದೆ. ದನಿ ಬರಲಿಲ್ಲ. ಬರಲಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ನಿಜವೆಂದರೆ ನಾನು ಬಾಯಿ ಮುಚ್ಚಿಕೊಂಡೆ.

ಗುಂಪು ಇನ್ನಷ್ಟು ಮುಂದೊತ್ತಿತು. ಆಗ ಅವರ ದನಿ ಬದಲಾಯಿತು. ಅವರು ಬೈಯಲಿಲ್ಲ, ಬೇಡಲಿಲ್ಲ. ವಾರವಾರ ದಾರಿ ತೋರಿಸಲು ಕೂಗುವ ಹಾಗೆಯೇ ಕೂಗಿದರು: "ಮುಂದೆ ಬರಬ್ಯಾಡ್ರಿ. ನನ್ನ ಹಿಂದೆ ಚರಂಡಿ ಐತಿ. ನೀವೂ ಬೀಳ್ತೀರಿ."

ತಳ್ಳಿದವರು ಯಾರೆಂದು ಇಂದಿಗೂ ನನಗೆ ಗೊತ್ತಿಲ್ಲ. ಅವರ ಎಡಗಾಲು ಹಿಂದಕ್ಕೆ ನೆಲ ಹುಡುಕಿದ್ದು ಕಂಡೆ. ನೆಲ ಇರಲಿಲ್ಲ. ಆಮೇಲೆ ಆ ಮೂರು ಬೆರಳು. ಆಮೇಲೆ ಬರೀ ನೀರು.

ಕೆಳಗಿನ ಮೋರಿಯ ಬಾಯಿಗೆ ಅಡ್ಡವಾಗಿದ್ದ ಕಬ್ಬಿಣದ ಸರಳುಗಳು ಅವರನ್ನು ತಡೆದವು. ಗಂಗಕ್ಕ ತನ್ನ ತಾಡಪಾಲಿನ ಹಗ್ಗ ಬಿಚ್ಚಿ ಎಸೆದಳು. ಈಗತಾನೇ ಮುನ್ನುಗ್ಗಿದವರೇ ಹಗ್ಗ ಹಿಡಿದು ಎಳೆದರು. ಸೊಂಟ ಮುರಿದಿತ್ತು.

ಸೊರಬದಲ್ಲಿ ಅವರ ಮಗಳ ಮನೆ. ತಿಂಗಳು ಕಳೆದು ನೋಡಲು ಹೋದೆ. ಬಸ್ಸಿನಲ್ಲಿ ಎರಡು ಸಲ ಇಳಿದುಬಿಡೋಣ ಎನ್ನಿಸಿತ್ತು. ಮಂಚದ ಮೇಲೆ ಅವರು ಅಷ್ಟು ಸಣ್ಣವರಾಗಿ ಕಂಡರು. ಮಗಳು ನೀರು ಕೊಟ್ಟು ಒಳಗೆ ಹೋದಳು. ನಾನು ಎಲ್ಲರೆದುರು ಹೇಳಿಬಿಡುತ್ತೇನೆ, ಹಿಡಿ ನಿಂತುಹೋಗಿದೆ, ನಿಮ್ಮ ಕೈಯನ್ನೇ ಜನ ಕಳ್ಳಗೈ ಎನ್ನುತ್ತಿದ್ದಾರೆ ಎಂದೆ. ಹೇಳುವಾಗ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

"ಹೆದರಿಕಿ ಆಗತೈತಾ?" ಎಂದು ಕೇಳಿದರು.

ಹೌದು ಎಂದೆ.

"ನಂಗೂ ಆಗಿತ್ತು ಬಿಡ್ರಿ. ನೀರಿಗಲ್ಲ. ಅವರ ಮುಖಕ್ಕೆ." ಹೊದಿಕೆಯೊಳಗಿಂದ ಬಲಗೈ ತೆಗೆದು ಎದೆಯ ಮೇಲಿಟ್ಟರು. "ಹೇಳೋದಾದ್ರೆ ಹೇಳ್ರಿ. ಆದ್ರೆ ಬೋಣಿ ಆದ್ಮೇಲೆ ಹೇಳ್ರಿ. ಅಲ್ಲೀತನಕ ಜನ ಸರಿ ಇರಂಗಿಲ್ಲ."

ನಗುತ್ತಿದ್ದಾರೆಂದು ತಿಳಿದು ನಾನೂ ನಗಲು ನೋಡಿದೆ. ಅವರು ನಗುತ್ತಿರಲಿಲ್ಲ.

ಮುಂದಿನ ಸಂತೆಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೂರನೆಯ ವಾರ ಸೊರಬದಿಂದ ಫೋನು ಬಂತು. ಕಫ ಕಟ್ಟಿ ಬೆಳಗಿನ ಜಾವ ಹೋದರೆಂದು ಮಗಳು ಹೇಳಿದಳು.

ಅವರಿಲ್ಲದ ಮೇಲೆ ಸಂತೆಗೆ ಹೋದೆ. ಮೋಡ ಕಟ್ಟಿತ್ತು. ಚರಂಡಿಯಂಚಿನಲ್ಲಿ ಯಾರೂ ಇರಲಿಲ್ಲ; ಅವರು ನಿಲ್ಲುತ್ತಿದ್ದ ಜಾಗದಿಂದ ಹತ್ತು ಮಾರು ದೂರದಲ್ಲೇ ನನ್ನ ಕಾಲು ನಿಂತುಹೋಯಿತು. ಸುತ್ತು ಹಾಕಿ ಗಂಗಕ್ಕನ ಅಂಗಡಿಯೆದುರು ಬಂದು ಕಾದೆ. ಒಬ್ಬಳು ಅರಿಶಿನ ಕೊಂಡಳು. ರಾಶಿಯ ತುದಿ ಮುರಿಯಿತು. ಗಂಗಕ್ಕ ಕಾಸನ್ನು ಕಣ್ಣಿಗೊತ್ತಿಕೊಂಡಳು. ಆಗ ಹೇಳಿದೆ. ಅಕ್ಕಪಕ್ಕದ ಸಾಲಿನವರಿಗೂ ಕೇಳುವ ಹಾಗೆ ಹೇಳಿದೆ. ಈ ಸಲ ದನಿ ಬಂತು. ಈರುಳ್ಳಿ ಸಾಲಿನವರು ತಕ್ಕಡಿ ಹಿಡಿದಲ್ಲೇ ತಲೆ ತಗ್ಗಿಸಿದರು.

ಗಂಗಕ್ಕ ನನ್ನನ್ನು ಬೈಯುತ್ತಾಳೆಂದು ಕಾದೆ.

"ನಂಗೆ ಅವತ್ತೇ ಗೊತ್ತಿತ್ತು ಕಣವ್ವಾ," ಎಂದಳು. "ರಾಶ್ಯಾಗೆ ಐದು ಬೆರಳು ಮೂಡಿದ್ವು. ಅವನ ಕೈ ನೋಡಿದೆ, ಅರಿಶಿನಾನೂ ಇರ್ಲಿಲ್ಲ. ಬಾಯಿ ಬಿಟ್ರೆ ನನ್ನೂ ನೂಕ್ತಾರೆ ಅಂತ ಸುಮ್ನಾದೆ."

ಮೊದಲ ಹನಿಗಳು ತಾಡಪಾಲಿನ ಮೇಲೆ ಬಿದ್ದವು. ನನ್ನ ಹೆಗಲಿನಲ್ಲಿ ಅವರ ಹಳೆಯ ಚೀಲವಿತ್ತು. ಅದರ ಬಾಯಿ ಅಗಲಿಸು ಎಂದಳು. ಅಗಲಿಸಿದೆ. ಗಂಗಕ್ಕ ಬಲಗೈಯ ಕೊನೆಯ ಎರಡು ಬೆರಳುಗಳನ್ನು ಅಂಗೈಗೆ ಮಡಚಿ ಒತ್ತಿಕೊಂಡಳು. ಉಳಿದ ಮೂರರಿಂದ ಅರಿಶಿನ ತೆಗೆದು ಚೀಲಕ್ಕೆ ಹಾಕಿದಳು.