ಹಗ್ಗದಾಚೆ ಅಕ್ಕನ ಅಡಿಗೆಮನೆ

ಟಪ್ ಅಂತ ಡಬ್ಬಿಯ ಮುಚ್ಚಳ ಏಳುವ ಸದ್ದು. ಡೊಂಬಿವ್ಲಿಯಲ್ಲಿ ಅಕ್ಕನ ಮನೆಗೆ ಹೋದರೆ ಚಪ್ಪಲಿ ಬಿಡುವಷ್ಟರಲ್ಲೇ ಅದು ಕೇಳಿಸುತ್ತಿತ್ತು. "ಬರ್ರಿ" ಅನ್ನುವುದು ಆಮೇಲೆ. ಮೊದಲು ಚಮಚದ ಹಿಡಿಕೆಯಿಂದ ಮುಚ್ಚಳ ಮೀಟಿ, ಬಂದವರ ಕೈಗೆ ಶೇಂಗಾ ಉಂಡಿ ಇಡಬೇಕು. ಲೈಟ್ ಬಿಲ್ಲಿನವನಾದರೂ ಸರಿ, ಬಾಯಿಗೆ ಏನಾದರೂ ಹಾಕಿಕೊಳ್ಳದೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಟೀವಿಯಲ್ಲಿ ಅಡಿಗೆ ಕಲಿಸಿ ಫೇಮಸ್ ಆದ ಮೇಲೂ ಅಕ್ಕ ಅಷ್ಟೇ.

ಮರೆವು ಶುರುವಾಗಿ ಅವಳು ಸಾನಪಾಡಾಕ್ಕೆ ಮಗಳ ಮನೆಗೆ ಹೋದಳು. ಆ ಅಡಿಗೆಮನೆಯನ್ನು ಕಟ್ಟೆಯ ಕಲ್ಲು ಸಮೇತ ಬಿಚ್ಚಿ, ಘೋಡಬಂದರ್ ರಸ್ತೆಯ ಒಂದು ಮ್ಯೂಸಿಯಮ್ಮಿನಲ್ಲಿ ಜೋಡಿಸಿದರು. ಎಲ್ಲ ಇದ್ದ ಹಾಗೇ ಇರಲಿ ಅಂದಿದ್ದಳು ಅಲ್ಲಿಯ ಹುಡುಗಿ. ನಾನೇ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ "ನೋ ನೋ, ಎಂಪ್ಟಿ ಎವೆರಿಥಿಂಗ್" ಅಂದೆ, ಇರುವೆ ಬಂದಾವು ಎಂದು. ಡಬ್ಬಿಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟರು. ವೆರಿ ನೀಟ್ ಅಂತ ಖುಷಿಪಟ್ಟಿದ್ದೆ.

ಓಪನಿಂಗಿಗೆ ಅಕ್ಕನನ್ನೂ ಕರೆದುಕೊಂಡು ಹೋದೆವು. ಅಡಿಗೆಮನೆಗೆ ಅಡ್ಡ ಕಟ್ಟಿದ ಹಗ್ಗದ ಈಚೆ ಜನ ಮೊಬೈಲ್ ಎತ್ತಿ ನಿಂತಿದ್ದರು. ಅಕ್ಕ ಅವರನ್ನೆಲ್ಲ ಕಣ್ಣರಳಿಸಿ ನೋಡಿದಳು.

"ಅಯ್ಯ ಶಿವನ, ಇಷ್ಟು ಮಂದಿ ಬಂದಾರ, ನೀ ಏನ್ ಮೇಮ್‌ಸಾಬ್ ಹಂಗ ನಿಂತೀಯಲ್ಲ!" ಎಂದು ನನ್ನನ್ನೇ ಗದರಿ, ನೆರಿಗೆ ಎತ್ತಿ ಹಗ್ಗ ದಾಟಿಯೇಬಿಟ್ಟಳು.

"ಆಜೀ, ಬಾಹೇರ್ ಯಾ!" ಹೊರಗೆ ಬರಲು ಗಾರ್ಡ್ ಕೂಗುತ್ತಿದ್ದ. ಜನ ಕ್ಲ್ಯಾಪ್ ಹೊಡೆದರು. ಇದೂ ಪ್ರೋಗ್ರಾಮಿನಲ್ಲಿ ಇದೆ ಅಂದುಕೊಂಡರೇನೋ.

ಟಪ್. ಖಾಲಿ. ಪಕ್ಕದ್ದು, ಟಪ್. ಅದೂ ಖಾಲಿ. ಇನ್ನೊಂದರಲ್ಲಿ ಕೈ ಇಳಿಸಿ ತಳ ಸವರಿದಳು. ಆಮೇಲೆ ಜನರ ಕಡೆ ತಿರುಗಲೇ ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ನಾನು ಹಗ್ಗ ದಾಟಿ ಹತ್ತಿರ ಹೋದೆ.

"ಮಾರಿ ಹೆಂಗ ತೋರಸ್ಲಿ ತಂಗಿ? ಮನ್ಯಾಗ ಏನೂ ಇಲ್ಲ."

ನನ್ನ ಪರ್ಸಿನಲ್ಲಿ ಒಂದು ಪೆಪ್ಪರ್‌ಮಿಂಟೂ ಇರಲಿಲ್ಲ. ಡಬ್ಬಿ ಖಾಲಿ ಮಾಡಿಸಿದವಳೂ ನಾನೇ. ಅಷ್ಟು ಜನರ ಮುಂದೆ ಅವಳನ್ನು ನಡೆಸಿಕೊಂಡು ಹೊರಬಂದೆ. ಇಬ್ಬರೂ ತಲೆ ಎತ್ತಲಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಸಾನಪಾಡಾದಲ್ಲಿ, ಹಾಸಿಗೆ ಹಿಡಿದಿದ್ದಳು. ನಾನು ಹೊರಟು ನಿಂತಾಗ ಅತ್ತಿತ್ತ ನೋಡಿ, ದಿಂಬಿನ ಕೆಳಗಿಂದ ಅರ್ಧ ಬಿಸ್ಕೀಟು ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು.

"ಇಷ್ಟ ಉಳದದ. ಯಾರ ಮುಂದೂ ಹೇಳಬ್ಯಾಡವಾ."

ಹೊಸ್ತಿಲು ದಾಟುವ ಮೊದಲೇ, ಅವಳಿಗೆ ಕಾಣುವ ಹಾಗೆ ನಿಂತು ತಿಂದೆ.